ಶಾಂತಾ ರಂಗಸ್ವಾಮಿ: ಭಾರತದ ಮಹಿಳಾ ಟೆಸ್ಟ್ ತಂಡದ ಮೊದಲ ನಾಯಕಿ

ಶಾಂತಾ ರಂಗಸ್ವಾಮಿ (ಜನನ 1 ಜನವರಿ 1954, ಮದರಾಸು): ಭಾರತದ ಮಹಿಳಾ ಕ್ರಿಕೆಟ್ ತಂಡವನ್ನು ಟೆಸ್ಟ್ ಪಂದ್ಯಗಳಲ್ಲಿ ಮೊತ್ತಮೊದಲು ಮುನ್ನಡೆಸಿದ ಕರ್ನಾಟಕದ ಆಟಗಾರ್ತಿ. ಬಲಗೈ ಬ್ಯಾಟರ್, ಮಧ್ಯಮ ವೇಗದ ಬೌಲರ್. 1976ರಿಂದ 1991ರ ವರೆಗೆ 16 ಟೆಸ್ಟ್ ಆಡಿದ ಇವರು ಅವುಗಳಲ್ಲಿ 12ಕ್ಕೆ ನಾಯಕಿಯಾಗಿದ್ದರು. 19 ಏಕದಿನ ಪಂದ್ಯಗಳಲ್ಲಿ 16ರಲ್ಲಿ ತಂಡದ ಸಾರಥ್ಯ ವಹಿಸಿದ್ದರು. ಭಾರತದ ಮಹಿಳೆಯರ ಮೊದಲ ಟೆಸ್ಟ್ ಗೆಲುವು ಬಂದದ್ದು ಇವರ ನಾಯಕತ್ವದಲ್ಲಿ. ಭಾರತದ ಪರ ಟೆಸ್ಟ್ ಶತಕ ಹೊಡೆದ ಮೊದಲ ಮಹಿಳೆಯೂ ಇವರೇ. 1976ರಲ್ಲಿ ಅರ್ಜುನ ಪ್ರಶಸ್ತಿ ಪಡೆದು, ಆ ಗೌರವಕ್ಕೆ ಪಾತ್ರರಾದ ಮೊದಲ ಮಹಿಳಾ ಕ್ರಿಕೆಟ್ ಆಟಗಾರ್ತಿ ಎನಿಸಿದರು. ಆಟ ನಿಲ್ಲಿಸಿದ ಮೇಲೆ ಆಡಳಿತ ಸಮಿತಿಗಳಲ್ಲಿ ಕುಳಿತು, ಹಿಂದಿನ ಪೀಳಿಗೆಯ ಆಟಗಾರ್ತಿಯರಿಗೆ ಸಲ್ಲಬೇಕಾದ ಮಾನ್ಯತೆಗಾಗಿ ದನಿ ಎತ್ತಿದರು.

ಹಿನ್ನೆಲೆ

ಮಹಿಳೆಯರ ಟೆಸ್ಟ್ ಕ್ರಿಕೆಟ್ ಶುರುವಾದದ್ದು 1934ರ ಡಿಸೆಂಬರ್ ಕೊನೆಯಲ್ಲಿ, ಬ್ರಿಸ್ಬೇನಿನಲ್ಲಿ ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡ್ ನಡುವಿನ ಪಂದ್ಯದಿಂದ. ಅಂತರರಾಷ್ಟ್ರೀಯ ಮಹಿಳಾ ಕ್ರಿಕೆಟ್ ಮಂಡಳಿ 1958ರಲ್ಲಿ ಸ್ಥಾಪನೆಯಾಯಿತು. ಇಂಗ್ಲೆಂಡಿನ ನಾಯಕಿ ರೇಚಲ್ ಹೇಹೋ ಫ್ಲಿಂಟ್ ಅವರ ಓಡಾಟ, ಉದ್ಯಮಿ ಜಾಕ್ ಹೇವರ್ಡ್ ಅವರ ಹಣ ಎರಡೂ ಕೂಡಿ 1973ರಲ್ಲಿ ಇಂಗ್ಲೆಂಡಿನಲ್ಲಿ ಮಹಿಳೆಯರ ಮೊದಲ ವಿಶ್ವಕಪ್ ನಡೆಯಿತು. ಪುರುಷರ ಮೊದಲ ವಿಶ್ವಕಪ್‌ಗಿಂತ ಅದು ಎರಡು ವರ್ಷ ಮುಂಚಿನದು. ಭಾರತ ಆ ಕೂಟದಲ್ಲಿ ಇರಲಿಲ್ಲ.

ಭಾರತದಲ್ಲಿ ಈ ಆಟಕ್ಕೆ ಸಂಘಟನೆ ಹುಟ್ಟಿದ್ದು ಅದೇ 1973ರಲ್ಲಿ. ಮಹೇಂದ್ರ ಕುಮಾರ್ ಶರ್ಮಾ ಲಖನೌದಲ್ಲಿ ಭಾರತೀಯ ಮಹಿಳಾ ಕ್ರಿಕೆಟ್ ಸಂಸ್ಥೆಯನ್ನು ಕಟ್ಟಿದರು. ಆ ವರ್ಷದ ಏಪ್ರಿಲ್‌ನಲ್ಲಿ ಪುಣೆಯಲ್ಲಿ ನಡೆದ ಮೊದಲ ರಾಷ್ಟ್ರೀಯ ಟೂರ್ನಿಗೆ ಬಂದದ್ದು ಬಾಂಬೆ, ಮಹಾರಾಷ್ಟ್ರ, ಉತ್ತರ ಪ್ರದೇಶ ಎಂಬ ಮೂರೇ ತಂಡಗಳು. ವಾರಾಣಸಿಯಲ್ಲಿ ನಡೆದ ಎರಡನೆಯ ಟೂರ್ನಿಗೆ ತಂಡಗಳ ಸಂಖ್ಯೆ ಎಂಟಕ್ಕೂ, ಕಲ್ಕತ್ತೆಯ ಮೂರನೆಯದಕ್ಕೆ ಹದಿನಾಲ್ಕಕ್ಕೂ ಏರಿತು. ಆಡಲು ಹುಡುಗಿಯರು ಇದ್ದೇ ಇದ್ದರು, ಕರೆಯುವವರು ಮಾತ್ರ ಇರಲಿಲ್ಲ ಎಂಬುದಕ್ಕೆ ಈ ಏರಿಕೆಯೇ ಸಾಕ್ಷಿ.

1975ರಲ್ಲಿ ಆಸ್ಟ್ರೇಲಿಯಾದ 25 ವರ್ಷದೊಳಗಿನವರ ತಂಡ ಭಾರತಕ್ಕೆ ಬಂದು ಪುಣೆ, ದೆಹಲಿ, ಕಲ್ಕತ್ತೆಗಳಲ್ಲಿ ಮೂರು ಅನಧಿಕೃತ ಟೆಸ್ಟ್ ಆಡಿತು. ಆ ಮೂರು ಪಂದ್ಯಗಳಿಗೆ ಉಜ್ವಲಾ ನಿಕಮ್, ಸುಧಾ ಷಾ, ಶ್ರೀರೂಪಾ ಬೋಸ್ ಹೀಗೆ ಮೂವರು ನಾಯಕಿಯರು. ಮರುವರ್ಷ ಅಧಿಕೃತ ಟೆಸ್ಟ್ ಸರಣಿ ನಿಗದಿಯಾದಾಗ ನಾಯಕತ್ವವನ್ನು ಒಬ್ಬರಿಗೇ ಒಪ್ಪಿಸಲಾಯಿತು. ಆ ಹೊಣೆ ಬಂದದ್ದು ಕರ್ನಾಟಕದ 22 ವರ್ಷದ ಶಾಂತಾ ಅವರ ಹೆಗಲಿಗೆ.

ಬಾಲ್ಯ ಮತ್ತು ಕರ್ನಾಟಕದ ಆಟ

ಹುಟ್ಟಿದ್ದು ಮದರಾಸಿನಲ್ಲಾದರೂ ಶಾಂತಾ ಬೆಳೆದದ್ದು, ಆಟ ಕಲಿತದ್ದು ಬೆಂಗಳೂರಿನಲ್ಲಿ. ಕೂಡುಕುಟುಂಬದ ಮನೆ, ದೊಡ್ಡ ಅಂಗಳ, ಮನೆ ತುಂಬ ಅಕ್ಕತಂಗಿಯರು, ಚಿಕ್ಕಪ್ಪ-ದೊಡ್ಡಪ್ಪಂದಿರ ಮಕ್ಕಳು. ಅಲ್ಲಿ ಟೆನಿಸ್ ಚೆಂಡಿನಿಂದ ಆಡಿದ್ದೇ ಇವರ ಮೊದಲ ಕ್ರಿಕೆಟ್. ಸಾಫ್ಟ್‌ಬಾಲ್‌ನಲ್ಲಿಯೂ ರಾಜ್ಯವನ್ನು ಪ್ರತಿನಿಧಿಸಿದ್ದರು. ಚೆಂಡನ್ನು ಬಲವಾಗಿ ಹೊಡೆಯುವ, ದೂರದಿಂದ ಗುರಿಯಿಟ್ಟು ಎಸೆಯುವ ಅಭ್ಯಾಸ ಎರಡು ಆಟಗಳಿಗೂ ಬೇಕು. ಆ ಕಾಲದ ಹಲವು ಆಟಗಾರ್ತಿಯರು ಬೇರೆ ಆಟಗಳಿಂದಲೇ ಕ್ರಿಕೆಟ್ಟಿಗೆ ಬಂದವರು.

1970ರ ದಶಕದ ಕರ್ನಾಟಕ ಕ್ರಿಕೆಟ್ ಗುಣಮಟ್ಟದಲ್ಲಿ ದೇಶದ ಮುಂಚೂಣಿಯಲ್ಲಿತ್ತು. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್, ಕಿರ್ಮಾನಿ ಭಾರತ ತಂಡದಲ್ಲಿದ್ದರು; ರಾಜ್ಯ ತಂಡ 1973–74ರಲ್ಲಿ ರಣಜಿ ಟ್ರೋಫಿ ಗೆದ್ದಿತ್ತು. ಈ ವಾತಾವರಣದಲ್ಲಿ ಹುಡುಗಿಯರೂ ಬ್ಯಾಟು ಹಿಡಿದರು. ಆದರೆ ಪುರುಷರ ಆಟಕ್ಕಿದ್ದ ಮೈದಾನ, ತರಬೇತಿ, ಹಣ ಯಾವುದೂ ಅವರ ಪಾಲಿಗೆ ಇರಲಿಲ್ಲ. ರಾಜ್ಯ ತಂಡದವರು ರೈಲಿನ ಕಾಯ್ದಿರಿಸದ ಬೋಗಿಗಳಲ್ಲಿ ಪ್ರಯಾಣಿಸುತ್ತಿದ್ದರು, ಡಾರ್ಮಿಟರಿಗಳಲ್ಲಿ ಮಲಗುತ್ತಿದ್ದರು. ಹಾಸಿಗೆ ಸುರುಳಿಯನ್ನೂ ತಾವೇ ಹೊತ್ತೊಯ್ಯಬೇಕಾಗಿತ್ತು. ಪಂದ್ಯ ಶುಲ್ಕ ಎಂಬುದೇ ಇರಲಿಲ್ಲ. ಶಾಂತಾ ಅವರ ಜೀವನಕ್ಕೆ ಆಧಾರವಾದದ್ದು ಕೆನರಾ ಬ್ಯಾಂಕಿನ ನೌಕರಿ. ಅಲ್ಲಿಯೇ ಮೇಲೇರಿ ಜನರಲ್ ಮ್ಯಾನೇಜರ್ ಹುದ್ದೆಯಿಂದ ನಿವೃತ್ತರಾದರು. ಕ್ರಿಕೆಟ್ ಮಂಡಳಿಯೊಂದು ಆಟಗಾರ್ತಿಯರಿಗೆ ಸಂಬಳ ಕೊಡುವ ಮೊದಲಿನ ದಶಕಗಳಲ್ಲಿ ಬ್ಯಾಂಕು, ರೈಲ್ವೆಯಂಥ ಸಂಸ್ಥೆಗಳ ಕ್ರೀಡಾ ನೇಮಕಾತಿಯೇ ಭಾರತದ ಮಹಿಳಾ ಕ್ರೀಡೆಯನ್ನು ಉಳಿಸಿತು ಎನ್ನಬಹುದು.

1976ರ ಸರಣಿ

ಭಾರತದ ಮಹಿಳೆಯರ ಮೊದಲ ಅಧಿಕೃತ ಟೆಸ್ಟ್ 1976ರ ಅಕ್ಟೋಬರ್ 31ರಿಂದ ನವೆಂಬರ್ 2ರ ವರೆಗೆ ಬೆಂಗಳೂರಿನಲ್ಲಿ, ಇಂದು ಚಿನ್ನಸ್ವಾಮಿ ಕ್ರೀಡಾಂಗಣ ಎನ್ನುವ ಮೈದಾನದಲ್ಲಿ ನಡೆಯಿತು. ಎದುರಾಳಿ ವೆಸ್ಟ್ ಇಂಡೀಸ್, ಅದರ ನಾಯಕಿ ಲೂಯಿಸ್ ಬ್ರೌನ್. ಇದೇ ಮೈದಾನದಲ್ಲಿ ಪುರುಷರ ಮೊದಲ ಟೆಸ್ಟ್ ನಡೆದು ಆಗ ಎರಡೇ ವರ್ಷವಾಗಿತ್ತು. ಅಲ್ಲಿಯೂ ಎದುರಾಳಿ ವೆಸ್ಟ್ ಇಂಡೀಸೇ ಆಗಿತ್ತು. ಹೀಗೆ ರಾಜ್ಯೋತ್ಸವದ ಹೊತ್ತಿನಲ್ಲಿ, ತನ್ನದೇ ಊರಿನ ಜನರ ಮುಂದೆ ಶಾಂತಾ ಭಾರತದ ನಾಯಕಿಯಾಗಿ ಕಣಕ್ಕಿಳಿದರು. ಪಂದ್ಯ ಡ್ರಾ ಆಯಿತು.

ಸರಣಿಯಲ್ಲಿ ಇದ್ದದ್ದು ಆರು ಟೆಸ್ಟ್‌ಗಳು, ಪ್ರತಿಯೊಂದೂ ಮೂರು ದಿನಗಳದ್ದು. ಬೆಂಗಳೂರಿನ ಬಳಿಕ ಮದರಾಸು, ದೆಹಲಿ, ಪಟ್ನಾ, ಲಖನೌ, ಜಮ್ಮು. ಒಂದು ತಿಂಗಳೊಳಗೆ ದಕ್ಷಿಣದ ಈ ತುದಿಯಿಂದ ಉತ್ತರದ ಆ ತುದಿಗೆ ಪ್ರಯಾಣ. ಡಯಾನಾ ಎಡುಲ್ಜಿ, ಶುಭಾಂಗಿ ಕುಲಕರ್ಣಿ, ಶೋಭಾ ಪಂಡಿತ್, ಸುಧಾ ಷಾ, ವಿಕೆಟ್ ಕೀಪರ್ ಫೌಜಿಯಾ ಖಲೀಲಿ ಮುಂತಾದವರು ತಂಡದಲ್ಲಿದ್ದರು. ಅವರಲ್ಲಿ ಯಾರಿಗೂ ಅದಕ್ಕೆ ಮೊದಲು ಅಧಿಕೃತ ಟೆಸ್ಟ್ ಅನುಭವ ಇರಲಿಲ್ಲ, ನಾಯಕಿಗೂ ಇರಲಿಲ್ಲ. ವೆಸ್ಟ್ ಇಂಡೀಸ್ ಕೂಡ ಅದೇ ವರ್ಷದ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದೊಡನೆ ಜಮೈಕಾದಲ್ಲಿ ಮೊದಲ ಟೆಸ್ಟ್ ಆಡಿದ್ದ ಹೊಸ ತಂಡ. ಎರಡು ಹೊಸ ತಂಡಗಳ ಹೋರಾಟವಾದ್ದರಿಂದ ಸರಣಿ ಸಮಬಲದ್ದಾಗಿತ್ತು.

ಮೊದಲ ಮೂರು ಟೆಸ್ಟ್‌ಗಳಲ್ಲಿ ಫಲಿತಾಂಶ ಬರಲಿಲ್ಲ. ನವೆಂಬರ್ 17ರಿಂದ 19ರ ವರೆಗೆ ಪಟ್ನಾದ ಮೊಯಿನ್-ಉಲ್-ಹಕ್ ಕ್ರೀಡಾಂಗಣದಲ್ಲಿ ನಡೆದ ನಾಲ್ಕನೆಯ ಟೆಸ್ಟನ್ನು ಭಾರತ ಐದು ವಿಕೆಟ್‌ಗಳಿಂದ ಗೆದ್ದಿತು. 25 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಭಾರತದ ಮಹಿಳೆಯರಿಗೆ ಅದು ಮೊದಲ ಟೆಸ್ಟ್ ಗೆಲುವು. ಸರಣಿಯ ಕೊನೆಯ ಪಂದ್ಯದಲ್ಲಿ ಜಮ್ಮುವಿನಲ್ಲಿ ವೆಸ್ಟ್ ಇಂಡೀಸ್ ಇನಿಂಗ್ಸ್ ಜಯ ಸಾಧಿಸಿ 1–1ರಿಂದ ಸಮ ಮಾಡಿಕೊಂಡಿತು. ವೆಸ್ಟ್ ಇಂಡೀಸ್ ಮಹಿಳೆಯರಿಗೂ ಅದು ಮೊದಲ ಟೆಸ್ಟ್ ಗೆಲುವು.

ಪಟ್ನಾದ ಗೆಲುವಿನ ತೂಕ ತಿಳಿಯಬೇಕಾದರೆ ಮುಂದಿನ ದಾಖಲೆ ನೋಡಬೇಕು. ಭಾರತದ ಮಹಿಳೆಯರು ಎರಡನೆಯ ಟೆಸ್ಟ್ ಗೆದ್ದದ್ದು 2002ರ ಮಾರ್ಚ್‌ನಲ್ಲಿ, ದಕ್ಷಿಣ ಆಫ್ರಿಕಾದ ಪಾರ್ಲ್‌ನಲ್ಲಿ, ಅಂಜುಮ್ ಚೋಪ್ರಾ ನಾಯಕತ್ವದಲ್ಲಿ. ತವರಿನಲ್ಲಿ ಮತ್ತೊಂದು ಟೆಸ್ಟ್ ಗೆಲ್ಲಲು 2014ರ ನವೆಂಬರ್‌ವರೆಗೆ ಕಾಯಬೇಕಾಯಿತು. ಆಗ ಮೈಸೂರಿನ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ಮಿಥಾಲಿ ರಾಜ್ ಪಡೆ ದಕ್ಷಿಣ ಆಫ್ರಿಕಾವನ್ನು ಇನಿಂಗ್ಸ್ ಮತ್ತು 34 ರನ್‌ಗಳಿಂದ ಸೋಲಿಸಿತು. 25 ವರ್ಷಕ್ಕೂ ಮೀರಿ ಶಾಂತಾ ಒಬ್ಬರೇ ಟೆಸ್ಟ್ ಗೆದ್ದ ಭಾರತೀಯ ನಾಯಕಿಯಾಗಿದ್ದರು.

ಡುನೆಡಿನ್ ಶತಕ

ತವರಿನ ಸರಣಿ ಮುಗಿದ ಬೆನ್ನಿಗೇ ತಂಡ ಮೊದಲ ವಿದೇಶ ಪ್ರವಾಸಕ್ಕೆ ಹೊರಟಿತು. 1977ರ ಜನವರಿ 8ರಿಂದ 11ರ ವರೆಗೆ ನ್ಯೂಜಿಲೆಂಡಿನ ಡುನೆಡಿನ್ ನಗರದ ಕ್ಯಾರಿಸ್‌ಬ್ರೂಕ್ ಮೈದಾನದಲ್ಲಿ ನಡೆದ ಏಕೈಕ ಟೆಸ್ಟ್‌ನಲ್ಲಿ ಶಾಂತಾ 108 ರನ್ ಹೊಡೆದರು. ಭಾರತದ ಮಹಿಳೆಯೊಬ್ಬರ ಮೊದಲ ಟೆಸ್ಟ್ ಶತಕ ಅದು. ಆಟ ಶುರುವಾಗಿ ಮೂರು ತಿಂಗಳೂ ತುಂಬಿರದ ತಂಡ, ಗೊತ್ತಿರದ ನೆಲ, ಮೇಲೆ ನಾಯಕತ್ವದ ಭಾರ. ಇವುಗಳ ನಡುವೆ ಬಂದ ಇನಿಂಗ್ಸ್ ಎಂಬ ಕಾರಣಕ್ಕೆ ಅದನ್ನು ಶಾಂತಾ ಅವರ ಅತ್ಯುತ್ತಮ ಆಟವೆಂದು ಎಣಿಸಲಾಗುತ್ತದೆ. ಟೆಸ್ಟ್‌ನಲ್ಲಿ ಅವರ ಗರಿಷ್ಠ ಮೊತ್ತವೂ ಅದೇ. ಪಂದ್ಯ ಡ್ರಾ ಆಯಿತು. ಮುಂದೆ ಪರ್ತ್‌ನಲ್ಲಿ ಆಸ್ಟ್ರೇಲಿಯಾ ಎದುರು ಆಡಿದ ಒಂದೇ ಟೆಸ್ಟ್‌ನಲ್ಲಿ ಭಾರತ 147 ರನ್‌ಗಳಿಂದ ಸೋತಿತು.

ಟೆಸ್ಟ್ ಇಲ್ಲದ ಏಳು ವರ್ಷ

ಪರ್ತ್ ಪಂದ್ಯದ ಬಳಿಕ ಭಾರತದ ಮಹಿಳೆಯರು ಮತ್ತೆ ಟೆಸ್ಟ್ ಆಡಿದ್ದು 1984ರ ಜನವರಿಯಲ್ಲಿ. 23ನೆಯ ವಯಸ್ಸಿನಿಂದ 30ರ ವರೆಗೆ, ಆಟಗಾರ್ತಿಯೊಬ್ಬಳ ತೋಳು, ಕಣ್ಣು, ಅನುಭವ ಮೂರೂ ಕೂಡಿಬರುವ ವರ್ಷಗಳಲ್ಲಿ ಶಾಂತಾ ಅವರಿಗೆ ಒಂದೂ ಟೆಸ್ಟ್ ಸಿಗಲಿಲ್ಲ. ಅದೇ ರಾಜ್ಯದ ಜಿ.ಆರ್. ವಿಶ್ವನಾಥ್ 1969ರಿಂದ 1983ರ ವರೆಗೆ 91 ಟೆಸ್ಟ್ ಆಡಿದರು. ಹೆಚ್ಚು ಕಡಿಮೆ ಅಷ್ಟೇ ದೀರ್ಘವಾದ ಶಾಂತಾ ಅವರ ಕಾಲಾವಧಿಯಲ್ಲಿ ಬಂದದ್ದು 16. ಅವರ ಒಟ್ಟು ರನ್‌ಗಳನ್ನು ಇಂದಿನವರ ಮೊತ್ತದೊಡನೆ ಹೋಲಿಸುವವರು ಮೊದಲು ಗಮನಿಸಬೇಕಾದ ಸಂಗತಿ ಇದು.

1978ರ ಜನವರಿಯಲ್ಲಿ ಭಾರತವೇ ಎರಡನೆಯ ವಿಶ್ವಕಪ್‌ಗೆ ಆತಿಥ್ಯ ನೀಡಿತು. ನಾಲ್ಕು ತಂಡಗಳ ಆ ಕೂಟದಲ್ಲಿ ಡಯಾನಾ ಎಡುಲ್ಜಿ ನಾಯಕಿಯಾಗಿದ್ದ ಭಾರತ ಮೂರೂ ಪಂದ್ಯ ಸೋತಿತು. 1982ರಲ್ಲಿ ನ್ಯೂಜಿಲೆಂಡಿನಲ್ಲಿ ನಡೆದ ಮೂರನೆಯ ವಿಶ್ವಕಪ್‌ಗೆ ನಾಯಕತ್ವ ಶಾಂತಾ ಅವರಿಗೆ ಮರಳಿತು. ಆಸ್ಟ್ರೇಲಿಯಾ, ಇಂಗ್ಲೆಂಡ್, ನ್ಯೂಜಿಲೆಂಡ್, ಭಾರತ ಹಾಗೂ ಅಂತರರಾಷ್ಟ್ರೀಯ ಇಲೆವೆನ್ ಸೇರಿ ಐದು ತಂಡ. ಪ್ರತಿ ತಂಡ ಉಳಿದವುಗಳೊಡನೆ ಮೂರು ಮೂರು ಬಾರಿ ಆಡಬೇಕು. ಒಂದೊಂದು ಇನಿಂಗ್ಸ್‌ಗೆ 60 ಓವರ್. ಭಾರತ 12 ಪಂದ್ಯಗಳಲ್ಲಿ ನಾಲ್ಕನ್ನು ಗೆದ್ದು ನಾಲ್ಕನೆಯ ಸ್ಥಾನ ಪಡೆಯಿತು. ಹಿಂದಿನ ಕೂಟದಲ್ಲಿ ಒಂದೂ ಗೆಲುವು ಕಾಣದ ತಂಡಕ್ಕೆ ಇದು ಮುನ್ನಡೆಯೇ ಸರಿ. 12 ಪಂದ್ಯಗಳನ್ನೂ ಶಾಂತಾ ಅವರೇ ಮುನ್ನಡೆಸಿದ್ದರು.

1984 ಮತ್ತು ಕೊನೆಯ ವರ್ಷಗಳು

1984ರ ಆರಂಭದಲ್ಲಿ ಆಸ್ಟ್ರೇಲಿಯಾ ತಂಡ ಭಾರತಕ್ಕೆ ಬಂದು ದೆಹಲಿ, ಲಖನೌ, ಅಹಮದಾಬಾದ್, ಬಾಂಬೆಗಳಲ್ಲಿ ನಾಲ್ಕು ಟೆಸ್ಟ್ ಆಡಿತು. ನಾಲ್ಕೂ ಡ್ರಾ. ಮಧ್ಯಪ್ರದೇಶದ ಸಂಧ್ಯಾ ಅಗರ್‌ವಾಲ್ ಅವರಂಥ ಹೊಸ ಪೀಳಿಗೆಯ ಬ್ಯಾಟರ್‌ಗಳು ಈ ಸರಣಿಯಲ್ಲಿ ಬೆಳಕಿಗೆ ಬಂದರು. ನಾಯಕಿಯಾಗಿ ಶಾಂತಾ ಅವರಿಗೆ ಇದೇ ಕೊನೆಯ ಟೆಸ್ಟ್ ಸರಣಿ.

ಆ ಬಳಿಕವೂ ಅವರು ಆಟಗಾರ್ತಿಯಾಗಿ ಮುಂದುವರಿದರು. 1986ರಲ್ಲಿ ಇಂಗ್ಲೆಂಡ್ ಪ್ರವಾಸ ಮಾಡಿದರು. ಅಷ್ಟರಲ್ಲಿ ಭಾರತೀಯ ಮಹಿಳಾ ಕ್ರಿಕೆಟ್ ಸಂಸ್ಥೆಯ ಹಣದ ಮುಗ್ಗಟ್ಟು ಅಡ್ಡ ಬಂತು. 1986ರಿಂದ 1991ರ ವರೆಗೆ ಭಾರತದ ಮಹಿಳಾ ತಂಡಕ್ಕೆ ಅಂತರರಾಷ್ಟ್ರೀಯ ಪಂದ್ಯವೇ ಇರಲಿಲ್ಲ; 1988ರ ವಿಶ್ವಕಪ್‌ಗೂ ತಂಡ ಹೋಗಲಿಲ್ಲ. 1991ರ ಆಸ್ಟ್ರೇಲಿಯಾ ಪ್ರವಾಸದಲ್ಲಿ 37ನೆಯ ವಯಸ್ಸಿನಲ್ಲಿ ಶಾಂತಾ ಕೊನೆಯ ಬಾರಿ ಭಾರತದ ಪರ ಟೆಸ್ಟ್ ಆಡಿದರು.

ಆಟದ ಬಗೆ ಮತ್ತು ದಾಖಲೆ

ಶಾಂತಾ ಮುನ್ನುಗ್ಗಿ ಹೊಡೆಯುವ ಬ್ಯಾಟರ್. ಮೂರು ದಿನದ ಟೆಸ್ಟ್‌ಗಳಲ್ಲಿ ವಿಕೆಟ್ ಕಾಪಾಡಿಕೊಂಡು ಡ್ರಾ ಮಾಡಿಕೊಳ್ಳುವುದು ಸುಲಭದ ದಾರಿಯಾಗಿದ್ದ ದಿನಗಳಲ್ಲಿ ಈ ಬಗೆಯ ಆಟವೇ ಜನರನ್ನು ಮೈದಾನಕ್ಕೆ ಎಳೆಯಿತು. ಬೌಲಿಂಗ್‌ನಲ್ಲಿ ತಂಡದ ಬಲ ಎಡುಲ್ಜಿ, ಕುಲಕರ್ಣಿ ಮುಂತಾದ ಸ್ಪಿನ್ನರ್‌ಗಳ ಕಡೆಗಿದ್ದುದರಿಂದ, ಮಧ್ಯಮ ವೇಗದ ಅವರ ಓವರ್‌ಗಳು ತಂಡಕ್ಕೆ ಸಮತೋಲ ತಂದವು.

16 ಟೆಸ್ಟ್‌ಗಳಲ್ಲಿ ಅವರು ಗಳಿಸಿದ್ದು 750 ರನ್, ಸರಾಸರಿ 32.60, ಒಂದು ಶತಕ, ಆರು ಅರ್ಧಶತಕ. 21 ವಿಕೆಟ್ ಪಡೆದರು, ಸರಾಸರಿ 31.61. ಬ್ಯಾಟಿಂಗ್ ಸರಾಸರಿ ಬೌಲಿಂಗ್ ಸರಾಸರಿಗಿಂತ ಮೇಲಿದ್ದರೆ ಆಲ್‌ರೌಂಡರ್ ಎಂಬ ಹೆಸರು ಒಪ್ಪುತ್ತದೆ ಎನ್ನುವುದು ಕ್ರಿಕೆಟ್ಟಿನ ಹಳೆಯ ಅಳತೆ. ಆ ಅಳತೆಗೆ ಶಾಂತಾ ನಿಲ್ಲುತ್ತಾರೆ. 19 ಏಕದಿನ ಪಂದ್ಯಗಳಲ್ಲಿ 287 ರನ್, 12 ವಿಕೆಟ್. ನಾಯಕಿಯಾಗಿ ಆಡಿದ 12 ಟೆಸ್ಟ್‌ಗಳಲ್ಲಿ ಒಂದು ಗೆಲುವು, ಎರಡು ಸೋಲು, ಒಂಬತ್ತು ಡ್ರಾ.

ಆಡಳಿತದಲ್ಲಿ

ಮಹಿಳಾ ಕ್ರಿಕೆಟ್ಟಿನ ಪ್ರತ್ಯೇಕ ಸಂಸ್ಥೆ 2006ರಲ್ಲಿ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯಲ್ಲಿ ವಿಲೀನವಾಯಿತು. ಅದರ ಹಿಂದಿನ ವರ್ಷವೇ ಅಂತರರಾಷ್ಟ್ರೀಯ ಮಟ್ಟದಲ್ಲಿಯೂ ಎರಡು ಮಂಡಳಿಗಳು ಒಂದಾಗಿದ್ದವು. ಹೊಸ ಆಟಗಾರ್ತಿಯರಿಗೆ ಇದರಿಂದ ಮೈದಾನ, ತರಬೇತುದಾರರು, ಪಂದ್ಯ ಶುಲ್ಕ ಸಿಕ್ಕವು. 2015ರಲ್ಲಿ ಮೊದಲ ಬಾರಿಗೆ ವಾರ್ಷಿಕ ಗುತ್ತಿಗೆಯೂ ಬಂತು. ವಿಲೀನಕ್ಕೆ ಮೊದಲೇ ಆಡಿ ಮುಗಿಸಿದವರ ಗತಿ ಏನು ಎಂಬ ಪ್ರಶ್ನೆ ಉಳಿಯಿತು. ಅವರಿಗೂ ಪಿಂಚಣಿ ಸಿಗಬೇಕು, ಅವರ ಆಟಕ್ಕೂ ಗೌರವ ಸಲ್ಲಬೇಕು ಎಂದು ಸಾರ್ವಜನಿಕವಾಗಿ ಮಾತಾಡಿದವರಲ್ಲಿ ಶಾಂತಾ ಮತ್ತು ಎಡುಲ್ಜಿ ಪ್ರಮುಖರು. 2022ರ ಜೂನ್‌ನಲ್ಲಿ ಮಂಡಳಿ ಪಿಂಚಣಿ ಏರಿಸಿದಾಗ, ತಿಂಗಳಿಗೆ 30,000 ರೂಪಾಯಿ ಪಡೆಯುತ್ತಿದ್ದ ಮಾಜಿ ಅಂತರರಾಷ್ಟ್ರೀಯ ಆಟಗಾರ್ತಿಯರ ಮೊತ್ತ 52,500ಕ್ಕೆ ಏರಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಪುರುಷರಿಗೂ ಮಹಿಳೆಯರಿಗೂ ಸಮಾನ ಪಂದ್ಯ ಶುಲ್ಕ ಪ್ರಕಟವಾಯಿತು: ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ ರೂಪಾಯಿ.

2018ರ ಡಿಸೆಂಬರ್‌ನಲ್ಲಿ ಮಹಿಳಾ ತಂಡಕ್ಕೆ ಕೋಚ್ ಆರಿಸಲು ರಚಿಸಿದ ಸಮಿತಿಯಲ್ಲಿ ಕಪಿಲ್ ದೇವ್, ಅಂಶುಮನ್ ಗಾಯಕ್‌ವಾಡ್ ಜೊತೆ ಶಾಂತಾ ಇದ್ದರು. ಆ ಸಮಿತಿ ಡಬ್ಲ್ಯು.ವಿ. ರಾಮನ್ ಅವರನ್ನು ಆರಿಸಿತು. 2019ರ ಆಗಸ್ಟ್‌ನಲ್ಲಿ ಇದೇ ಮೂವರ ಕ್ರಿಕೆಟ್ ಸಲಹಾ ಸಮಿತಿ ಪುರುಷರ ತಂಡದ ಕೋಚ್ ಆಗಿ ರವಿಶಾಸ್ತ್ರಿ ಅವರನ್ನು ಮುಂದುವರಿಸಿತು. ಮಾಜಿ ನಾಯಕಿಯೊಬ್ಬರು ಪುರುಷರ ತಂಡದ ಕೋಚ್ ಆಯ್ಕೆಯಲ್ಲಿ ಮತ ಹಾಕಿದ್ದು ಭಾರತದ ಕ್ರಿಕೆಟ್ಟಿಗೆ ಹೊಸದು. ಹಿತಾಸಕ್ತಿ ಸಂಘರ್ಷದ ದೂರಿನ ಮೇಲೆ ನೋಟಿಸ್ ಬಂದಾಗ ಆ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಅವರು ಸಮಿತಿಗೆ ರಾಜೀನಾಮೆ ಕೊಟ್ಟರು. ಬಳಿಕ ಅಕ್ಟೋಬರ್‌ನಲ್ಲಿ ಮಾಜಿ ಆಟಗಾರ್ತಿಯರ ಪ್ರತಿನಿಧಿಯಾಗಿ ಮಂಡಳಿಯ ಅಪೆಕ್ಸ್ ಕೌನ್ಸಿಲ್‌ಗೆ ಆಯ್ಕೆಯಾದರು.

ಗೌರವಗಳು

1976ರ ಅರ್ಜುನ ಪ್ರಶಸ್ತಿಯ ಬಳಿಕ ಕ್ರಿಕೆಟ್ ಮಂಡಳಿಯ ಮನ್ನಣೆಗೆ ನಾಲ್ಕು ದಶಕ ಹಿಡಿಯಿತು. 2017ರ ಮಾರ್ಚ್ 8ರಂದು ಬೆಂಗಳೂರಿನ ಸಮಾರಂಭದಲ್ಲಿ ಮಂಡಳಿ ಮಹಿಳೆಯರಿಗೆ ನೀಡುವ ಜೀವಮಾನ ಸಾಧನೆ ಪ್ರಶಸ್ತಿಯನ್ನು ಮೊದಲು ಪಡೆದವರು ಶಾಂತಾ.

ಕರ್ನಾಟಕದ ಮುಂದಿನ ಪೀಳಿಗೆ

ಶಾಂತಾ ಬಳಿಕ ರಾಜ್ಯದಿಂದ ಭಾರತ ತಂಡ ಸೇರಿದವರ ಸಾಲು ಉದ್ದವಿದೆ. ವಿಕೆಟ್ ಕೀಪರ್ ವಿ. ಕಲ್ಪನಾ 1993ರ ವಿಶ್ವಕಪ್‌ನಲ್ಲಿ ಡೆನ್ಮಾರ್ಕ್ ವಿರುದ್ಧ ಒಂದೇ ಪಂದ್ಯದಲ್ಲಿ ಆರು ಬಲಿ ಪಡೆದರು, ಅವುಗಳಲ್ಲಿ ಐದು ಸ್ಟಂಪಿಂಗ್. ಅದೇ ವಿಶ್ವಕಪ್‌ನಲ್ಲಿ ಪದಾರ್ಪಣೆ ಮಾಡಿದ ಬೆಂಗಳೂರಿನ ಮಮತಾ ಮಾಬೆನ್ ಮುಂದೆ ಭಾರತದ ನಾಯಕಿಯಾದರು. 2004ರ ಏಷ್ಯಾ ಕಪ್‌ನಲ್ಲಿ ಕ್ಯಾಂಡಿಯಲ್ಲಿ ಶ್ರೀಲಂಕಾ ವಿರುದ್ಧ 10 ರನ್‌ಗೆ 6 ವಿಕೆಟ್ ಕಿತ್ತರು. ಬೆಂಗಳೂರಿನ ಕೀಪರ್-ಬ್ಯಾಟರ್ ಕರುಣಾ ಜೈನ್ ಕೂಡ ದೀರ್ಘಕಾಲ ತಂಡದಲ್ಲಿದ್ದರು.

2000ದ ನಂತರ ಆಟ ಬೆಂಗಳೂರಿನ ಹೊರಗೂ ಹಬ್ಬಿತು. 2017ರ ವಿಶ್ವಕಪ್‌ನಲ್ಲಿ ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ಸೆಮಿಫೈನಲ್ ದಾರಿ ತೆರೆದ ಪಂದ್ಯದಲ್ಲಿ ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಗಳಲ್ಲಿ 70 ರನ್ ಬಾರಿಸಿದರೆ, ವಿಜಯಪುರದ ಎಡಗೈ ಸ್ಪಿನ್ನರ್ ರಾಜೇಶ್ವರಿ ಗಾಯಕ್‌ವಾಡ್ 15 ರನ್‌ಗೆ 5 ವಿಕೆಟ್ ಪಡೆದರು. ಭಾರತ 186 ರನ್‌ಗಳಿಂದ ಗೆದ್ದಿತು. ಮೈಸೂರಿನ ಶುಭಾ ಸತೀಶ್ 2023ರ ಡಿಸೆಂಬರ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್‌ನಲ್ಲೇ 69 ರನ್ ಗಳಿಸಿದರು. 2024ರ ಮಹಿಳಾ ಪ್ರೀಮಿಯರ್ ಲೀಗ್‌ನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ಗೆದ್ದಾಗ ಶ್ರೇಯಾಂಕಾ ಪಾಟೀಲ್ 13 ವಿಕೆಟ್‌ಗಳೊಂದಿಗೆ ಕೂಟದ ಅಗ್ರ ಬೌಲರ್ ಆದರು.

ರಾಜ್ಯದ ಉತ್ತರ ತುದಿಯಲ್ಲಿರುವ ಬೀದರ್, ಭಾಲ್ಕಿ, ಔರಾದ ಭಾಗಕ್ಕೆ ಬೆಂಗಳೂರು ಸುಮಾರು 700 ಕಿಲೋಮೀಟರ್ ದೂರ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ರಾಯಚೂರು ವಲಯದೊಳಗೆ ಬೀದರ್ ಜಿಲ್ಲೆ ಬರುತ್ತದೆ. ವಲಯದ ಪಂದ್ಯಗಳೇ ಈ ಊರುಗಳ ಹುಡುಗಿಗೆ ರಾಜ್ಯ ತಂಡದ ಬಾಗಿಲು. ವಿಜಯಪುರದ ರಾಜೇಶ್ವರಿ ಉದಾಹರಣೆಯಿಂದ, ರಾಜಧಾನಿಯಿಂದ ದೂರವಿರುವುದು ಭಾರತ ತಂಡಕ್ಕೆ ಅಡ್ಡಿಯಾಗಲೇಬೇಕಿಲ್ಲ ಎಂಬುದು ಖಚಿತವಾಗಿದೆ.

ಇತರ ಆಟಗಳಲ್ಲಿ ಕರ್ನಾಟಕದ ನಾಯಕಿಯರು

ಮಹಿಳಾ ತಂಡಗಳನ್ನು ಮುನ್ನಡೆಸಿದ ಕರ್ನಾಟಕದ ಪರಂಪರೆ ಕ್ರಿಕೆಟ್ಟಿಗಿಂತ ಹಳೆಯದು. ಬೆಂಗಳೂರಿನ ಹಾಕಿ ಆಟಗಾರ್ತಿ ಎಲ್ವೆರಾ ಬ್ರಿಟ್ಟೊ 1960ರಿಂದ 1967ರ ನಡುವೆ ಮೈಸೂರು ರಾಜ್ಯ ತಂಡದ ನಾಯಕಿಯಾಗಿ ಏಳು ರಾಷ್ಟ್ರೀಯ ಪ್ರಶಸ್ತಿ ಗೆದ್ದರು. 1965ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಅವರ ಸೋದರಿಯರಾದ ರೀಟಾ, ಮೇ ಇಬ್ಬರೂ ಹಾಕಿಯಲ್ಲಿ ಹೆಸರು ಮಾಡಿದವರು. ಎಲ್ವೆರಾ 2022ರ ಏಪ್ರಿಲ್‌ನಲ್ಲಿ ನಿಧನರಾದರು. ಕಬಡ್ಡಿಯಲ್ಲಿ ತೇಜಸ್ವಿನಿ ಬಾಯಿ ಹಾಗೂ ಉಡುಪಿ ಜಿಲ್ಲೆಯ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ಭಾರತ ತಂಡಗಳಲ್ಲಿದ್ದರು; ಇಬ್ಬರಿಗೂ ಅರ್ಜುನ ಪ್ರಶಸ್ತಿ ಸಂದಿದೆ.

ಜಾಗತಿಕ ಹೋಲಿಕೆ

ಮಹಿಳಾ ಕ್ರೀಡೆಯಲ್ಲಿ ಒಬ್ಬ ನಾಯಕಿಯ ಕಾಲಾವಧಿಯೇ ಆ ದೇಶದ ಆಟದ ಚರಿತ್ರೆಯಾಗುವುದು ಉಂಟು. ಏಷ್ಯಾದಲ್ಲಿ ಇದಕ್ಕೆ ದೊಡ್ಡ ನಿದರ್ಶನ ಜಪಾನಿನ ಫುಟ್‌ಬಾಲ್ ಮಿಡ್‌ಫೀಲ್ಡರ್ ಹೊಮಾರೆ ಸಾವಾ. 1978ರಲ್ಲಿ ಹುಟ್ಟಿದ ಸಾವಾ 15ನೆಯ ವಯಸ್ಸಿನಲ್ಲಿ ದೇಶದ ಪರ ಮೊದಲ ಪಂದ್ಯ ಆಡಿ, 1995ರಿಂದ 2015ರ ವರೆಗೆ ಆರು ವಿಶ್ವಕಪ್‌ಗಳಲ್ಲಿ ಕಾಣಿಸಿಕೊಂಡರು. 2011ರ ಜುಲೈ 17ರಂದು ಫ್ರಾಂಕ್‌ಫರ್ಟ್‌ನ ಫೈನಲ್‌ನಲ್ಲಿ ಅಮೆರಿಕ ವಿರುದ್ಧ ಹೆಚ್ಚುವರಿ ಅವಧಿಯ 117ನೆಯ ನಿಮಿಷದಲ್ಲಿ ಸಾವಾ ಗೋಲು ಹೊಡೆದು 2–2ರಿಂದ ಸಮ ಮಾಡಿದರು. ಪೆನಾಲ್ಟಿಯಲ್ಲಿ ಜಪಾನ್ 3–1ರಿಂದ ಗೆದ್ದಿತು. ಭೂಕಂಪ, ಸುನಾಮಿಯಿಂದ ಜಪಾನ್ ತತ್ತರಿಸಿ ಆಗ ನಾಲ್ಕೇ ತಿಂಗಳಾಗಿತ್ತು. ಐದು ಗೋಲುಗಳೊಂದಿಗೆ ಕೂಟದ ಅಗ್ರ ಗೋಲುಗಾರ್ತಿ, ಶ್ರೇಷ್ಠ ಆಟಗಾರ್ತಿ ಎರಡೂ ಪ್ರಶಸ್ತಿ ಸಾವಾ ಅವರಿಗೇ ಬಂದವು. ಆ ವರ್ಷದ ವಿಶ್ವದ ಶ್ರೇಷ್ಠ ಆಟಗಾರ್ತಿಯೂ ಅವರೇ. 2015ರ ಕೊನೆಯಲ್ಲಿ ನಿವೃತ್ತರಾಗುವಾಗ 205 ಪಂದ್ಯ, 83 ಗೋಲು ಅವರ ಖಾತೆಯಲ್ಲಿದ್ದವು.

ಶಾಂತಾ ಮತ್ತು ಸಾವಾ ನಡುವಿನ ಅಂತರ ಪ್ರತಿಭೆಯದಲ್ಲ, ವ್ಯವಸ್ಥೆಯದು. ಜಪಾನಿನಲ್ಲಿ 1989ರಲ್ಲೇ ಮಹಿಳೆಯರ ರಾಷ್ಟ್ರೀಯ ಲೀಗ್ ಆರಂಭವಾಗಿದ್ದರಿಂದ ಸಾವಾ ಅವರಿಗೆ ವರ್ಷವಿಡೀ ಆಟ ಸಿಕ್ಕಿತು. ಆದರೂ 2012ರ ಲಂಡನ್ ಒಲಿಂಪಿಕ್ಸ್‌ಗೆ ಹೊರಟ ವಿಶ್ವ ಚಾಂಪಿಯನ್ ಮಹಿಳಾ ತಂಡಕ್ಕೆ ವಿಮಾನದಲ್ಲಿ ಎಕಾನಮಿ ದರ್ಜೆ ದೊರೆತರೆ, ಪುರುಷರ ತಂಡಕ್ಕೆ ಬಿಸಿನೆಸ್ ದರ್ಜೆ ದೊರೆತಿತ್ತು. ಬೆಂಗಳೂರಿನ ಹುಡುಗಿಯರು ರೈಲಿನ ಕಾಯ್ದಿರಿಸದ ಬೋಗಿ ಏರಿದ ನಾಲ್ಕು ದಶಕಗಳ ಬಳಿಕ, ಭಾರತಕ್ಕಿಂತ ಎಷ್ಟೋ ಶ್ರೀಮಂತ ದೇಶದಲ್ಲಿ ಕಂಡ ಸಂಗತಿ ಇದು.

ಮೌಲ್ಯಮಾಪನ

ರನ್ ಮತ್ತು ವಿಕೆಟ್‌ಗಳ ಪಟ್ಟಿಯಲ್ಲಿ ಶಾಂತಾ ಅವರನ್ನು ಮುಂದಿನವರು ದಾಟಿದ್ದಾರೆ. ಸಂಧ್ಯಾ ಅಗರ್‌ವಾಲ್ 1986ರಲ್ಲೇ ವೂಸ್ಟರ್‌ನಲ್ಲಿ 190 ರನ್ ಹೊಡೆದರು. ಮಿಥಾಲಿ ರಾಜ್ ಕಾಲದಲ್ಲಿ ದಾಖಲೆಗಳ ಪ್ರಮಾಣವೇ ಬದಲಾಯಿತು. ಆದರೆ ತಂಡವೆಂಬುದೇ ಇಲ್ಲದಿದ್ದಾಗ ತಂಡ ಕಟ್ಟಿ, ಮೊದಲ ವರ್ಷದಲ್ಲೇ ಒಂದು ಟೆಸ್ಟ್ ಗೆದ್ದು, ವಿದೇಶದಲ್ಲಿ ಒಂದು ಶತಕ ಹೊಡೆದು, ಹೆಣ್ಣುಮಕ್ಕಳ ಆಟವನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ದೇಶಕ್ಕೆ ಮನಗಾಣಿಸಿದ್ದು ಶಾಂತಾ ಪೀಳಿಗೆ. ಆಡುವಾಗ ಸಿಗದಿದ್ದುದನ್ನು ಆಟ ಬಿಟ್ಟ ಮೇಲೂ ಕೇಳುತ್ತಲೇ ಇದ್ದುದು ಅವರ ನಾಯಕತ್ವದ ಎರಡನೆಯ ಅಧ್ಯಾಯ. ಮೊದಲನೆಯದಕ್ಕಿಂತ ಅದು ಕಡಿಮೆಯದಲ್ಲ. 2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ಹರ್ಮನ್‌ಪ್ರೀತ್ ಕೌರ್ ನಾಯಕತ್ವದ ಭಾರತ ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ಮಹಿಳೆಯರ ಏಕದಿನ ವಿಶ್ವಕಪ್ಪನ್ನು ಮೊದಲ ಬಾರಿ ಗೆದ್ದಿತು. ಬೆಂಗಳೂರಿನಲ್ಲಿ ಆಡಿದ ಮೊದಲ ಟೆಸ್ಟ್‌ಗೆ ಆಗ 49 ವರ್ಷ ತುಂಬಿತ್ತು.